ಆಯಿಯ ಕಾಲಿಗೊಂದು ಗರಗಸ

ಬೋರಾಮಣಿಯ ನಮ್ಮ ಮನೆಯಲ್ಲಿ ದನದ ಕೊಟ್ಟಿಗೆಯ ಅರ್ಧ ಭಾಗ ಎತ್ತುಗಳದು, ಉಳಿದರ್ಧ ನನ್ನದು. ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ಆ ಕಡೆ ಎತ್ತುಗಳು ಕಣಿಕೆ ಮೆಲ್ಲುತ್ತಿದ್ದರೆ ಈ ಕಡೆ ನಾನು ಕಬ್ಬಿಣ ಬಡಿಯುತ್ತ ಕೂತಿರುತ್ತಿದ್ದೆ. ಮೂವತ್ತರ ದಶಕದ ನಡುವಿನ ಮಾತು ಇದು. ಅದಕ್ಕೆ ಮೊದಲು ಕೆಲವು ವರ್ಷ ಸೊಲ್ಲಾಪುರದ ಒಂದು ಗಿರಣಿಯಲ್ಲಿ ಕಾರಕೂನನಾಗಿದ್ದೆ. ನನ್ನ ಕುರ್ಚಿಯ ಪಕ್ಕದ ಕಿಟಕಿಯಿಂದ ಫಿಟ್ಟರುಗಳ ಷೆಡ್ಡು ಕಾಣುತ್ತಿತ್ತು. ಕೈ ಬರೆಯುತ್ತಿದ್ದರೂ ಕಣ್ಣು ಅಲ್ಲೇ ಇರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಹೊಲ ನೋಡಿಕೊಳ್ಳಲು ಊರಿಗೆ ಮರಳಿದಾಗ ನೌಕರಿಯನ್ನು ಅಲ್ಲೇ ಬಿಟ್ಟೆ. ಆ ಷೆಡ್ಡಿನ ಹುಚ್ಚನ್ನು ಮಾತ್ರ ಗಂಟು ಕಟ್ಟಿಕೊಂಡು ಬಂದೆ.

ಕೊಟ್ಟಿಗೆಯ ನನ್ನ ಭಾಗದಲ್ಲಿ ಒಂದು ಜಾಲಿಯ ದಿಮ್ಮಿ, ಅದರ ಮೇಲೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ಒಂದು ಹಳೆಯ ವೈಸ್, ಸುತ್ತಿಗೆ, ಚಾಣ, ಸವೆದ ಅರಗಳು ಇದ್ದವು. ಊರವರ ಸೈಕಲ್ಲು, ಕಂದೀಲು, ಬಾವಿಯ ರಾಟೆ ಎಲ್ಲವೂ ನನ್ನ ಹತ್ತಿರ ಬರುತ್ತಿದ್ದವು. ಇಲ್ಲದ್ದು ಒಂದೇ, ಕಬ್ಬಿಣ ಕೊಯ್ಯುವ ಗರಗಸ. ಗಿರಣಿಯ ಫಿಟ್ಟರುಗಳು ಅದಕ್ಕೆ ‘ಆಕ್ಸಾ’ ಅನ್ನುತ್ತಿದ್ದರು. ಅದಿಲ್ಲದೆ ನಾನು ಒಂದು ಸಲಾಕೆ ತುಂಡು ಮಾಡಬೇಕೆಂದರೆ ಚಾಣ ಇಟ್ಟು ಬಡಿಯಬೇಕು. ತುಂಡಿನ ತುದಿ ಇಲಿ ಕಡಿದ ರೊಟ್ಟಿಯ ಹಾಗೆ ಕಾಣುತ್ತಿತ್ತು. ಆ ಸದ್ದಿಗೆ ಎತ್ತುಗಳು ಮೇವು ಬಿಟ್ಟು ನನ್ನನ್ನೇ ನೋಡುತ್ತ ನಿಲ್ಲುತ್ತಿದ್ದವು.

“ಎತ್ತು ಅಂತ ನಡದದ,” ಅನ್ನುತ್ತಿದ್ದಳು ನನ್ನ ಹೆಂಡತಿ. “ಅಲ್ಲಿ ಎಮ್ಮಿ ಕಟ್ಟಿದ್ವಿ ಅಂದ್ರ ಇಷ್ಟೊತ್ತಿಗಿ ಹಾಲು ಬತ್ತಿ ಹೋಗ್ತಿತ್ತು ನೋಡ್ರಿ.”

ಮನೆಯಲ್ಲಿ ನಾವು ನಾಲ್ಕು ಜನ: ನಾನು, ನನ್ನ ಹೆಂಡತಿ, ಅಪ್ಪನ ಅಪ್ಪ, ಅಪ್ಪನ ಅವ್ವ. ನಮ್ಮ ಕಡೆ ಅಜ್ಜನಿಗೆ ಮುತ್ತ್ಯಾ, ಅಜ್ಜಿಗೆ ಆಯಿ ಅನ್ನುತ್ತಾರೆ. ಮನೆಯ ಖರ್ಚಿನ ವಿಷಯಕ್ಕೆ ಮುತ್ತ್ಯಾನದೇ ಕೊನೆಯ ಮಾತು. ಆಕ್ಸಾದ ಸುದ್ದಿ ತೆಗೆದಾಗಲೆಲ್ಲ ಅವನು ನಕ್ಕುಬಿಡುತ್ತಿದ್ದ.

“ಬಡಿಗ್ಯಾನ ಮನ್ಯಾಗ ಕರಗಸ ಅದ ಅಲ್ಲೋ. ಬೇಕಾದಾಗ ಇಸ್ಕೊಂಡ ಬಾ.”

“ಅದು ಕಟಗಿ ಕೊಯ್ಯೋದು ಮುತ್ತ್ಯಾ. ನಂಗ ಕಬ್ಬಿಣ ಕೊಯ್ಯೋದು ಬೇಕು.”

“ಕಬ್ಬಿಣ ಕೊಯ್ಯಾಕ ಅದೇನ ಬದನಿಕಾಯಿ ಏನೋ?”

ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಆಯಿಯ ಕಾಲು ಬಾತವು. ಆಯಿಗೆ ಎರಡೂ ಕಾಲಲ್ಲಿ ಬೆಳ್ಳಿಯ ಕಡಗಗಳು. ಪ್ರತಿ ಕಾಲಿಗೆ ಎರಡೆರಡು. ಮೇಲಿನದು ಸಣ್ಣದು, ಬಾಯಿ ಬಿಚ್ಚಿದ್ದು, ಬೇಕೆಂದಾಗ ತೆಗೆಯಬಹುದಾದದ್ದು. ಕೆಳಗಿನದು ಹೆಬ್ಬೆರಳಿನಷ್ಟು ದಪ್ಪದ ಗಟ್ಟಿ ಬೆಳ್ಳಿ, ಎಲ್ಲೂ ಬಾಯಿಲ್ಲದ ಪೂರಾ ಚಕ್ರ. ಮದುವೆಯಲ್ಲಿ ಸಣ್ಣ ಹುಡುಗಿಯ ಪಾದ ಒಳಗೆ ತೂರಿತ್ತು. ಹುಡುಗಿ ಬೆಳೆದಳು, ಪಾದ ಬೆಳೆಯಿತು, ಕಡಗ ಅಲ್ಲೇ ಉಳಿಯಿತು. ನಡೆದಾಗ ಎರಡೂ ಒಂದಕ್ಕೊಂದು ತಾಗಿ ‘ಖಣ್ ಖಣ್’ ಅನ್ನುತ್ತಿದ್ದವು. ಈಗ ಬಾವು ಬಂದು ದಪ್ಪ ಕಡಗಗಳು ಮಾಂಸದಲ್ಲಿ ಹೂತುಕೊಳ್ಳತೊಡಗಿದವು. ವೈದ್ಯರು ಬಂದು ನೋಡಿ, ಔಷಧ ಕೊಟ್ಟು, ಮೊದಲು ಕಡಗ ತೆಗೆಸಿರಿ ಅಂದರು.

ಬೆಳ್ಳಿ ಬಂಗಾರದ ಕೆಲಸದ ಪತ್ತಾರ ಬಂದ. ತನ್ನ ದಾರದಂಥ ಸಣ್ಣ ಗರಗಸದಿಂದ ಶುರು ಮಾಡಿದ, ಅದರ ಅಲಗು ಮುರಿಯಿತು. ಇನ್ನೊಂದು ಹಾಕಿದ, ಅದೂ ಮುರಿಯಿತು. ಆಮೇಲೆ ಅವನು ಚಾಣ, ಸುತ್ತಿಗೆ ತೆಗೆದ. ಆಯಿಯ ಕಾಲಿನ ಕೆಳಗೆ ಅಡಿಗಲ್ಲು ಇಟ್ಟು ಒಂದೇ ಒಂದು ಏಟು ಹಾಕಿದ್ದ. ಆಯಿ ಕಾಲು ಎಳೆದುಕೊಂಡು ಎದ್ದೇ ನಿಂತಳು.

“ಸಾಕಪಾ! ಈ ಏಟು ನೆತ್ತಿಗೆ ಹೋಗಿ ಮುಟ್ಟಿತು. ಕಡಗಾ ಇದ್ರ ಇರಲಿ, ಎಲುಬು ಉಳಿಲಿ.”

ಅವತ್ತು ಮಧ್ಯಾಹ್ನ ಆಯಿ ಕೊಟ್ಟಿಗೆಗೆ ಬಂದಳು. ಗೋಡೆಯ ಮೇಲೆ ಕೈಯೂರಿ ಸ್ವಲ್ಪ ಹೊತ್ತು ನನ್ನ ಕೆಲಸ ನೋಡಿ, “ತಮ್ಮಾ, ನೀ ಅದೇನೋ ಕಬ್ಬಿಣ ಕೊಯ್ಯೋದು ಅಂತಿದ್ದಿ. ಅದು ಬೆಳ್ಳಿ ಕೊಯ್ತದೇನು? ಬಡಿಯೋದು ಇರಂಗಿಲ್ಲಲ್ಲ?” ಎಂದು ಕೇಳಿದಳು.

“ಬಡಿಯೋದೇ ಇಲ್ಲ ಆಯಿ. ಬರೇ ಹಿಂದ ಮುಂದ ಆಡಸೋದು.”

ಒಳಗೆ ಹೋಗಿ ಮುತ್ತ್ಯಾನಿಗೆ ಏನು ಹೇಳಿದಳೋ. ರಾತ್ರಿ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ: “ನಾಳೆ ಸೊಲ್ಲಾಪುರಕ್ಕ ಹೋಗಿ ಅದನ್ನ ತಂದುಬಿಡು. ಚಲೋದು ತಾ.” ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ ನನ್ನ ಕಡೆ ನೋಡಿ ನಕ್ಕಳು. ಆಗ ಆಯಿ, “ಅವನೊಬ್ಬನೇ ಯಾಕ? ನನ್ನ ಕಾಲಿಗಿ ತರೋದು, ನಾನೂ ಹೋಗ್ತೀನಿ,” ಅಂದಳು. ಬಾತ ಕಾಲಿನಲ್ಲಿ ಬೇಡವೆಂದು ಎಲ್ಲರೂ ಹೇಳಿದೆವು. ಆಯಿ ಕೇಳಲಿಲ್ಲ.

ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ ಆಯಿಯನ್ನು ಕೂರಿಸಿದೆವು. ನನ್ನ ಹೆಂಡತಿ ಅವಳ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಗಾಡಿ ಹೊಡೆದೆ. ಪೇಟೆಯ ಕಬ್ಬಿಣದ ಅಂಗಡಿಗಳ ಸಾಲಿನಲ್ಲಿ ನನಗೆ ಗಿರಣಿಯ ಕಾಲದಿಂದ ಗೊತ್ತಿದ್ದ ಒಂದು ಅಂಗಡಿಯಿತ್ತು. ಮಾಲೀಕ ದಪ್ಪ ಕನ್ನಡಕದ, ಮೆಲ್ಲಗೆ ಮಾತಾಡುವ ಮನುಷ್ಯ. ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದ.

“ಯಾ ಆಜಿ, ಬಸಾ, ಬರ್ರಿ ಕುಂಡ್ರಿ,” ಎಂದು ಆಯಿಗೆ ಗೋಣಿಚೀಲ ಹಾಸಿಸಿದ. “ಏನ ಬೇಕಾಗಿತ್ರಿ, ಕೀಲಿ? ಬಕೀಟು?”

“ಆಕ್ಸಾ,” ಅಂದಳು ಆಯಿ, ದಿನವೂ ಅದನ್ನೇ ಕೊಳ್ಳುವವಳ ಹಾಗೆ.

ಮಾಲೀಕ ನನ್ನ ಮುಖ ನೋಡಿದ. ನಾನು ವಿಷಯ ಹೇಳುವಷ್ಟರಲ್ಲಿ ಆಯಿ ಸೀರೆಯ ನಿರಿಗೆ ತುಸು ಸರಿಸಿ, ಅಂಗಡಿಯ ಕಟ್ಟೆಯ ಮೇಲೆ ಬಲಗಾಲು ಇಟ್ಟೇಬಿಟ್ಟಳು. “ಇದನ್ನ ಕೊಯ್ಯೋದು ಅದ. ಕಾಲು ಕೊಯ್ಯಬಾರದು. ಅಂಥಾದು ತೋರಸಪಾ.”

ಮಾಲೀಕ ಕನ್ನಡಕ ಹಣೆಗೆ ಏರಿಸಿ, ಬಗ್ಗಿ, ಕಡಗವನ್ನು ಮುಟ್ಟದೆ ಸುತ್ತಲೂ ನೋಡಿದ. ಆಮೇಲೆ ಒಳಗೆ ಹೋಗಿ ಮೂರು ಗರಗಸ ತಂದು ಸಾಲಾಗಿ ಇಟ್ಟ.

ಮೊದಲನೆಯದನ್ನು ನೋಡಿದೊಡನೆ ನನ್ನ ಮನಸ್ಸು ಅದಕ್ಕೇ ಹೋಯಿತು. ವಿಲಾಯತಿ ಮಾಲು. ಉದ್ದನೆಯ ಚೌಕಟ್ಟು, ಅದರ ತುಂಬ ಮುಖ ಕಾಣುವಂಥ ಹೊಳಪು, ಕೈಗೆ ತುಂಬುವ ಕರಿಮರದ ಹಿಡಿ. ಗಿರಣಿಯಲ್ಲಿ ಮುಖ್ಯ ಫಿಟ್ಟರನ ಹತ್ತಿರ ಮಾತ್ರ ಅಂಥದ್ದಿತ್ತು. ಎರಡನೆಯದು ತೆಳುವಾದ ಪಟ್ಟಿಯದು, ಒತ್ತಿದರೆ ಬಾಗುತ್ತಿತ್ತು. ಮೂರನೆಯದು ನೋಡಲು ಸಾಧಾರಣ. ಕಪ್ಪು ಬಣ್ಣ, ನೇರ ಹಿಡಿ. ಅದರ ಚೌಕಟ್ಟನ್ನು ಮಾತ್ರ ಗಿಡ್ಡ ಮಾಡಬಹುದಿತ್ತು, ಉದ್ದ ಮಾಡಬಹುದಿತ್ತು. ಎಂಥ ಬ್ಲೇಡು ಸಿಕ್ಕರೂ ಕೂರುತ್ತಿತ್ತು.

ನಾನು ಹೊಳೆಯುವುದನ್ನು ಎತ್ತಿಕೊಂಡು, “ಇದೇ ಇರಲಿ ಆಯಿ, ಜನ್ಮಕ್ಕ ಒಂದು,” ಅಂದೆ.

“ಹಿಡಿ ನೋಡೋಣು. ಕೈ ಚಾಚಿ ಹಿಡಿ. ನಾ ಹೇಳೂ ತನಕ ಇಳಸಬ್ಯಾಡ,” ಅಂದಳು ಆಯಿ. ನಾನು ಕೈ ಚಾಚಿ ಹಿಡಿದು ನಿಂತೆ. ಅವಳು ಸೊಂಟದ ಸಂಚಿ ಬಿಚ್ಚಿದಳು. ಎಲೆ ಆರಿಸಿದಳು, ಒರೆಸಿದಳು, ಸುಣ್ಣ ಹಚ್ಚಿದಳು, ಅಡಿಕೆ ಇಟ್ಟಳು, ಮಡಿಸಿದಳು, ಬಾಯಿಗೆ ಹಾಕಿಕೊಂಡು ಜಗಿಯತೊಡಗಿದಳು. ನನ್ನ ಮೊಣಕೈಯಿಂದ ಶುರುವಾದ ನಡುಕ ಗರಗಸದ ತುದಿಗೆ ಹೋಗಿ ಮುಟ್ಟಿತು. ತುದಿ ಗಾಳಿಯಲ್ಲಿ ಅಕ್ಷರ ಬರೆಯತೊಡಗಿತು. ಪಕ್ಕದ ಗಿರಾಕಿಗಳು ತಮ್ಮ ವ್ಯಾಪಾರ ಬಿಟ್ಟು ನೋಡುತ್ತಿದ್ದರು.

“ನಡುಗ್ತದ,” ಅಂದಳು ಆಯಿ. “ಈ ಕೈ ನನ್ನ ಕಾಲ ಮ್ಯಾಲ ಬ್ಯಾಡ. ಆ ಕರೇದು ಹಿಡಿ.”

ಕಪ್ಪು ಗರಗಸ ಹಿಡಿದೆ. ಆಯಿ ಎಲೆ ಪೂರ್ತಿ ಜಗಿದು, ಹೊರಗೆ ಹೋಗಿ ಉಗುಳಿ ಬಂದಳು. ಕೈ ಅಷ್ಟಾಗಿ ಅಲುಗಲಿಲ್ಲ. ಮಾಲೀಕ, “ಆಜಿ ಹೇಳೋದು ಬರೋಬರ ಅದರಿ. ದೊಡ್ಡ ಆಕ್ಸಾಕ್ಕ ಜಾಗಾನೂ ದೊಡ್ಡದು ಬೇಕು. ಕಾಲ ಹತ್ರ ಗಿಡ್ಡದೇ ಚಲೋ, ಇನ್ನೊಂದು ಕಾಲಿಗಿ ತಾಗಂಗಿಲ್ಲ,” ಎಂದ. ಹೊಳಪಿನ ಗರಗಸವನ್ನು ನಾನು ಮಾಲೀಕನ ಕಡೆಗೆ ಸರಿಸಿದೆ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಬ್ಲೇಡಿನ ಪಾಳಿ ಬಂತು. ಮಾಲೀಕ ಎರಡು ತೋರಿಸಿದ. ಒಂದರ ಹಲ್ಲು ದೊಡ್ಡವು, ಇನ್ನೊಂದರವು ಎಳ್ಳಿನಷ್ಟು ಸಣ್ಣವು. ಬೆಳ್ಳಿ ಮೆತ್ತಗಿನ ಲೋಹ, ಆಯಿಗೆ ನೋವಾಗಬಾರದು, ಸಣ್ಣ ಹಲ್ಲಿನದೇ ಸರಿ ಅಂತ ನನಗೂ ಅನಿಸಿತು, ಮಾಲೀಕನಿಗೂ ಅನಿಸಿತು. ಆಯಿ ಎರಡರ ಮೇಲೂ ಉಗುರು ಎಳೆದು ನೋಡಿದಳು.

“ಇದು ಮುಂದ ಹೋಗುವಾಗ ಕಚ್ಚತದಲ್ಲೋ. ಕುಡಗೋಲು ನಮ್ಮ ಕಡಿ ಎಳದಾಗ ಕಚ್ಚತದ. ಇದ್ಯಾಕ ತಿರುವಾಮುರುವಾ?”

“ಇದು ನೂಕೋದು ಆಜಿ. ಎಳೆಯೋದಲ್ಲ,” ಎಂದ ಮಾಲೀಕ.

“ಯಾವುದು ಚಲೋ ಕೊಯ್ತದ?”

“ಸಣ್ಣ ಹಲ್ಲಂದು ಅಂತ ಕಾಣಸ್ತದರಿ.”

“ಕಾಣಸ್ತದ ಅಂದ್ರ ನಿನಗೂ ಪಕ್ಕಾ ಗೊತ್ತಿಲ್ಲ. ಎರಡೂ ಕೊಡು,” ಅಂದಳು ಆಯಿ. ಮಾಲೀಕ ಬಾಯ್ತುಂಬ ನಕ್ಕು, ಎರಡನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ ಕೊಟ್ಟ.

ಊರಿಗೆ ಬಂದ ಮೇಲೆ ಕೆಲವು ದಿನ ಆಯಿ ನನ್ನನ್ನು ಕಾಲಿನ ಹತ್ತಿರ ಬಿಡಲಿಲ್ಲ. ಮೊದಲು ಕೈ ಕೂರಲಿ ಅಂದಳು. ಮುರಿದ ಸಲಾಕೆ, ಗಾಡಿಯ ಹಳೆಯ ಪಟ್ಟಿ, ಒಡೆದ ಹಿತ್ತಾಳೆಯ ಹಿಡಿಕೆ ಎಲ್ಲ ಕೊಯ್ದೆ. ತುದಿಗಳು ಚಾಕುವಿನಿಂದ ಬೆಣ್ಣೆ ಕತ್ತರಿಸಿದ ಹಾಗೆ ನುಣುಪಾಗಿ ಬಂದವು. ಆ ಸಂತೋಷಕ್ಕೆ ಕೊಯ್ಯಬೇಕಾಗಿಲ್ಲದ್ದನ್ನೂ ಕೊಯ್ದೆ. ಎತ್ತುಗಳು ಈಗ ನಿಶ್ಚಿಂತೆಯಿಂದ ಮೇಯುತ್ತಿದ್ದವು. ಮುತ್ತ್ಯಾ ದಿನಕ್ಕೊಮ್ಮೆ ಬಂದು ತುಂಡುಗಳನ್ನು ಬೆರಳಿನಿಂದ ಸವರಿ, “ಖರೇನ ಬದನಿಕಾಯಿ ಆತಲ್ಲೋ ಕಬ್ಬಿಣ,” ಎಂದು ಹೋಗುತ್ತಿದ್ದ.

ವೈದ್ಯರ ಔಷಧದಿಂದ ಬಾವು ಸ್ವಲ್ಪ ಇಳಿಯಿತು. ಬೆಳಿಗ್ಗೆ ಎದ್ದ ಹೊತ್ತಿಗೆ ಕಡಗ ಮತ್ತು ಕಾಲಿನ ನಡುವೆ ಒಂದು ಕಡ್ಡಿ ಹೋಗುವಷ್ಟು ಸಂದು ಆಗಿರುತ್ತಿತ್ತು. ಅಂಥ ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ಕೌದಿ ಮಡಿಸಿ ಅದರ ಮೇಲೆ ಆಯಿಯ ಕಾಲು ಇಟ್ಟೆವು. ಎಣ್ಣೆ ಡಬ್ಬಿಯ ತಗಡನ್ನು ಬೆರಳಗಲ ಕತ್ತರಿಸಿ, ಅಂಚನ್ನೆಲ್ಲ ಅರದಿಂದ ಉಜ್ಜಿ, ಬಟ್ಟೆ ಸುತ್ತಿ ಆ ಸಂದಿಯಲ್ಲಿ ತೂರಿಸಿದೆ. ಹೆಂಡತಿ ಕುಸುಬೆ ಎಣ್ಣೆಯ ಬಟ್ಟಲು ಹಿಡಿದು ಕೂತಳು. ಮುತ್ತ್ಯಾ ಕಂಬಕ್ಕೆ ಒರಗಿ ನಿಂತ.

“ಮುಗಿತಂದ್ರ ಹೇಳ್ರಿ, ನಾ ಕಣ್ಣ ಮುಚ್ಚತೀನಿ,” ಅಂದಳು ಆಯಿ.

ಸಣ್ಣ ಹಲ್ಲಿನ ಬ್ಲೇಡು ಹಾಕಿ ಶುರು ಮಾಡಿದೆ. ಮೊದಲ ಗೀರು ಚೆನ್ನಾಗಿಯೇ ಬಿತ್ತು. ಆಮೇಲೆ ಎಷ್ಟು ಆಡಿಸಿದರೂ ಗರಗಸ ಜಾರುತ್ತಿತ್ತೇ ಹೊರತು ಒಳಗೆ ಇಳಿಯುತ್ತಿರಲಿಲ್ಲ. ಆಯಿ ಒಂದು ಕಣ್ಣು ತೆರೆದು, “ಆತೇನು?” ಅಂದಳು. ಹೆಂಡತಿ ಬ್ಲೇಡಿನ ಹತ್ತಿರ ಮುಖ ತಂದು ನೋಡಿದಳು.

“ಅಲ್ರಿ, ಹಲ್ಲು ಎಲ್ಲಿ ಅದಾವ ಇದಕ್ಕ? ಬೆಳ್ಳಿ ತುಂಬಕೊಂಡು ಸಪಾಟ ಆಗ್ಯಾವ ನೋಡ್ರಿ.”

ಹೌದು. ಮೆತ್ತಗಿನ ಬೆಳ್ಳಿ ಹಲ್ಲುಗಳ ಸಂದಿಯಲ್ಲೆಲ್ಲ ಕೂತು ಬ್ಲೇಡು ನುಣ್ಣಗಿನ ಪಟ್ಟಿಯಾಗಿತ್ತು. ದೊಡ್ಡ ಹಲ್ಲಿನದನ್ನು ಹಾಕಿ, ಎಣ್ಣೆ ಬಿಡಿಸಿ, ಮೆಲ್ಲಗೆ ನೂಕಿದೆ. ಅದು ‘ಸರ್’ ಎಂದು ಇಳಿಯಿತು. ಬೆಳ್ಳಿಯ ಪುಡಿ ಕೌದಿಯ ಮೇಲೆ ಉದುರತೊಡಗಿತು. ಆಯಿ ಕಣ್ಣು ಮುಚ್ಚಿಕೊಂಡೇ ತನ್ನ ಮದುವೆಯ ಕತೆ ಹೇಳತೊಡಗಿದಳು. ಕಡಗ ತೊಡಿಸುವಾಗ ಅತ್ತದ್ದಕ್ಕೆ ಯಾರೋ ಒಂದು ಬೆಲ್ಲದ ಹೆಂಟೆ ಕೊಟ್ಟರಂತೆ, ಅದು ಮುಗಿಯುವ ತನಕ ಅಳು ನಿಂತಿತ್ತಂತೆ. ಎದುರು ಬದಿಯಲ್ಲಿ ಇನ್ನೊಂದು ಸೀಳು ಹಾಕಿದೆ. ತಗಡಿಗೆ ಬ್ಲೇಡು ತಾಗಿದ ಸದ್ದು ಕೇಳಿಸಿತು. ಕಡಗ ಎರಡು ಹೋಳಾಗಿ ಕೌದಿಯ ಮೇಲೆ ಬಿತ್ತು.

ಆಯಿ ಕಾಲನ್ನು ನೋಡಿದಳು. ಕಡಗವಿದ್ದ ಜಾಗದಲ್ಲಿ ಬಿಳಿಚಿದ, ಕೂಸಿನ ಚರ್ಮದಂಥ ಒಂದು ಪಟ್ಟಿ. ಅದರ ಮೇಲೆ ಬೆರಳಾಡಿಸಿದಳು. ಎದ್ದು ನಿಂತು ಒಂದು ಹೆಜ್ಜೆ ಇಟ್ಟಳು. ಹಗುರಾದ ಕಾಲು ಎಲ್ಲೋ ಮೇಲಕ್ಕೆ ಹಾರಿ, ಭಾರದ ಕಾಲು ಹಿಂದೆ ಉಳಿದು, ಅವಳು ಮುತ್ತ್ಯಾನ ಮೇಲೆ ಹೋಗಿ ಬಿದ್ದಳು.

“ಏ, ಏ! ಮಂದಿ ನೋಡ್ಯಾರು,” ಅಂದ ಮುತ್ತ್ಯಾ, ಅವಳನ್ನು ಹಿಡಿದುಕೊಂಡು. ಆಯಿ ನಗುತ್ತ ನಗುತ್ತ ನೆಲದ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರೂ ಬಂದಿತ್ತು. ಮಧ್ಯಾಹ್ನದೊಳಗೆ ಇನ್ನೊಂದು ಕಾಲೂ ಬಿಡುಗಡೆಯಾಯಿತು. ಬೆಳ್ಳಿಯ ಹೋಳುಗಳನ್ನು ಆಯಿ ನನ್ನ ಹೆಂಡತಿಯ ಉಡಿಗೆ ಹಾಕಿ, “ಕಾಲಿಗಿ ಏನೂ ಮಾಡಿಸ್ಕೋಬ್ಯಾಡ. ನೀರು ಕುಡಿಯೋ ತಂಬಿಗಿ ಮಾಡಿಸ್ಕೋ,” ಅಂದಳು. ಮೇಲಿನ ಸಣ್ಣ ಕಡಗಗಳನ್ನೂ ಬಿಚ್ಚಿ ಪೆಟ್ಟಿಗೆಯಲ್ಲಿ ಇಟ್ಟಳು.

ಇದರ ಪರಿಣಾಮ ಏನೆಂದು ನಮಗೆ ತಿಳಿದದ್ದು ಎರಡು ದಿನ ಬಿಟ್ಟು. ಮುತ್ತ್ಯಾನಿಗೆ ವೈದ್ಯರು ಬೆಲ್ಲ ಮುಟ್ಟಬಾರದೆಂದು ಹೇಳಿ ಬಹಳ ದಿನವಾಗಿತ್ತು. ಅವನು ಬಿಟ್ಟಿದ್ದಾನೆಂದೇ ಎಲ್ಲರೂ ತಿಳಿದಿದ್ದೆವು. ಅವತ್ತು ಆಯಿ ಹಿತ್ತಿಲಿನಿಂದ ಅಡುಗೆ ಮನೆಗೆ ಬಂದಾಗ ಮುತ್ತ್ಯಾ ಬೆಲ್ಲದ ಗಡಿಗೆಯ ಮುಂದೆ ಆರಾಮಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬಾಯಿ ತುಂಬಿತ್ತು, ಅಂಗೈಯಲ್ಲಿ ಇನ್ನೊಂದು ತುಂಡು ತಯಾರಿತ್ತು.

“ಹೌದೇನ್ರಿ ಯಜಮಾನ್ರ!” ಎಂದು ಆಯಿ ಕೂಗಿದ್ದು ನನಗೆ ಕೊಟ್ಟಿಗೆಗೆ ಕೇಳಿಸಿತು. ಓಡಿ ಹೋಗಿ ನೋಡಿದರೆ ಮುತ್ತ್ಯಾ ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದಾನೆ. ಇಷ್ಟು ದಿನ ‘ಖಣ್ ಖಣ್’ ಕೇಳಿದೊಡನೆ ಗಡಿಗೆ ಮುಚ್ಚಿ ಪಡಸಾಲೆಗೆ ಹೋಗಿಬಿಡುತ್ತಿದ್ದನಂತೆ.

ಅವನಿಗೆ ಬಾಯಿ ತೆರವಾದ ಮೇಲೆ ಸಿಟ್ಟು ನನ್ನ ಮೇಲೆ ಬಂತು. “ಎಲ್ಲಾ ನಿನ್ನ ಆಕ್ಸಾದಿಂದ ಆತು ನೋಡು. ಮನ್ಯಾಗ ಯಾರು ಎಲ್ಲಿ ಅದಾರ ಅಂತ ತಿಳೀಲಾರದಂಗ ಆತು.” ಆಮೇಲೆ ಆಯಿಯ ಕಡೆ ತಿರುಗಿ, “ಆ ಸಣ್ಣ ಕಡಗಾ ಆದ್ರೂ ಹಾಕ್ಕೋ. ಒಂದೊಂದು ಕಾಲಿಗಿ ಎರಡೆರಡು ಗೆಜ್ಜಿ ಕಟ್ಟಸ್ಕೋ,” ಅಂದ.

“ಕೊಳ್ಳಾಗ ಗಂಟಿ ಕಟಗೊಂಡ ಆಕಳದಂಗ ಅಡ್ಡಾಡಿದ್ದು ಸಾಕ್ರಿ,” ಅಂದಳು ಆಯಿ. ಗಡಿಗೆ ಎತ್ತಿಕೊಂಡು ಹೋಗಿ ಅಟ್ಟದ ಮೇಲೆ ಇಟ್ಟಳು. ಅವತ್ತಿನಿಂದ ಅವಳಿಗೆ ಒಂದು ಆಟವೇ ಸಿಕ್ಕಿತು. ಸದ್ದಿಲ್ಲದೆ ಯಾರ ಬೆನ್ನ ಹಿಂದಾದರೂ ಬಂದು ನಿಲ್ಲುವಳು. ನಾನೂ ಹೆಂಡತಿಯೂ ಮಾತಾಡುತ್ತ ಕೂತಿದ್ದಾಗ ನಡುವಿನಿಂದ ಅವಳ ಉತ್ತರ ಬರುತ್ತಿತ್ತು. ಎತ್ತುಗಳು ಕೂಡ ಬೆಚ್ಚುತ್ತಿದ್ದವು.

ಚಳಿಗಾಲದ ಶುರುವಿನಲ್ಲಿ ಆಯಿ ಅಕ್ಕಲಕೋಟೆಯಲ್ಲಿದ್ದ ತನ್ನ ಅಕ್ಕನ ಮನೆಗೆ ಒಂದು ನಾಮಕರಣಕ್ಕೆ ಹೋದಳು. ಅವಳನ್ನು ನಾವು ದೊಡ್ಡಾಯಿ ಅನ್ನುತ್ತಿದ್ದೆವು. ದೊಡ್ಡಾಯಿಗೆ ತಂಗಿಯ ಬರಿಗಾಲು ಕಂಡು ಎದೆ ಒಡೆದಂತಾಯಿತು.

“ಮುತ್ತೈದಿ ಕಾಲಾಗಿನ ಬೆಳ್ಳಿ ಕೊಯ್ಯಸ್ಕೊಂಡಿ? ಅದೂ ಕಬ್ಬಿಣ ಕೊಯ್ಯೋ ಕರಗಸದಿಂದ!”

“ಕಾಲುಂಗ್ರ ಅದಾವ ಅಕ್ಕಾ, ತಾಳಿ ಅದ, ಗಂಡ ಗಟ್ಟಿ ಅದಾನ, ಕದ್ದು ಬೆಲ್ಲಾ ತಿನ್ನಾಕತ್ಯಾನ. ಇನ್ನೇನ ಬೇಕು?”

ದೊಡ್ಡಾಯಿಯದು ದೊಡ್ಡ ಮನೆತನ. ಅವಳ ಕಾಲಿನವು ಗಟ್ಟಿ ಕಡಗಗಳಲ್ಲ, ಒಳಗೆ ಪೊಳ್ಳು. ಆ ಪೊಳ್ಳಿನಲ್ಲಿ ಬೆಳ್ಳಿಯ ಗುಂಡು ತುಂಬಿದ್ದಾರೆಂದು ಅವಳ ಅತ್ತೆ ಹೇಳಿದ್ದಳಂತೆ. ನಡೆದಾಗ ಝಲ್ಲೆನ್ನುತ್ತಿದ್ದವು. ಅಕ್ಕ ತಂಗಿ ಕೂತು ಮಾತಾಡಿದರೆ ಆ ಗುಂಡುಗಳ ಸುದ್ದಿ ಬರದೆ ಇರುತ್ತಿರಲಿಲ್ಲ. ಗಟ್ಟಿ ಬೆಳ್ಳಿ ಭಾರಿಯೋ, ಗುಂಡು ತುಂಬಿದ ಬೆಳ್ಳಿ ಭಾರಿಯೋ ಎಂಬ ಜಗಳ ನಾನು ಹುಟ್ಟುವುದಕ್ಕೂ ಮೊದಲಿನಿಂದ ನಡೆದಿತ್ತು.

ಆಯಿ ಮರಳಿ ಬಂದು ಸ್ವಲ್ಪ ದಿನ ಆಗಿತ್ತು. ಅಕ್ಕಲಕೋಟೆಯಿಂದ ಬಂದ ಒಂದು ಗಾಡಿಯವನ ಕೈಯಲ್ಲಿ ದೊಡ್ಡಾಯಿ ಹೇಳಿ ಕಳಿಸಿದಳು: ಮೊಮ್ಮಗನನ್ನು ಕರೆದುಕೊಂಡು ಬಾ, ಅವನ ಸಾಮಾನೂ ತರಲಿ, ಯಾರಿಗೂ ಹೇಳಬೇಡ. ಯಾರಿಗೂ ಹೇಳಬೇಡ ಎಂಬುದನ್ನು ಗಾಡಿಯವನು ನಮ್ಮ ಅಂಗಳದಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದ.

ಮಾರನೆಯ ದಿನವೇ ಆಯಿ, ನಾನು, ನನ್ನ ಹೆಂಡತಿ ಮೂವರೂ ಹೋದೆವು. ದೊಡ್ಡಾಯಿ ಒಳಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಪೊಳ್ಳು ಬೆಳ್ಳಿಯ ತಗಡು ತೆಳು. ಅದಕ್ಕೆ ದೊಡ್ಡ ಹಲ್ಲು ಸಿಕ್ಕಿಕೊಳ್ಳುತ್ತದೆಂದು ನನಗೆ ಆಗಲೇ ಹಳೆಯ ಕೊಳವೆ ಕೊಯ್ದು ತಿಳಿದಿತ್ತು. ಸಣ್ಣ ಹಲ್ಲಿನ ಬ್ಲೇಡು ಹಾಕಿದೆ. ನಾಲ್ಕು ಸಲ ಆಡಿಸುವಷ್ಟರಲ್ಲಿ ಒಳಗಿನ ಪೊಳ್ಳು ತೆರೆದುಕೊಂಡಿತು, ಇನ್ನಷ್ಟು ಆಡಿಸಿದಾಗ ಕಡಗದ ಬಾಯಿ ಬಿಟ್ಟು ಗುಂಡುಗಳು ಟಪಟಪನೆ ಚಾಪೆಯ ಮೇಲೆ ಉರುಳಿದವು.

ನಾವು ಮೂವರೂ ಬಗ್ಗಿ ನೋಡಿದೆವು. ಹಳ್ಳದ ದಂಡೆಯಲ್ಲಿ ಸಿಗುವ ಉರುಟು ಹರಳುಗಳು. ಕೆಲವು ಕೆಂಪಗೆ, ಕೆಲವು ಕಪ್ಪಗೆ.

ದೊಡ್ಡಾಯಿ ಒಂದನ್ನು ಎತ್ತಿ ಸೆರಗಿನಿಂದ ಉಜ್ಜಿದಳು. ಇದ್ದ ಹಲ್ಲಿನಿಂದ ಕಚ್ಚಿ ನೋಡಿದಳು. ಇನ್ನೊಂದನ್ನು ಕಚ್ಚಿದಳು. “ಒಂದಾದ್ರೂ ಬೆಳ್ಳಿದು ಇದ್ದೀತು, ಹುಡುಕ್ರಿ,” ಅಂದಳು. ನನ್ನ ಹೆಂಡತಿ ಪಾಪ, ಚಾಪೆಯ ಕೆಳಗೆಲ್ಲ ಹುಡುಕಿದಳು. ಆಯಿ ಮಾತ್ರ ಮುಖ ಗೋಡೆಗೆ ಮಾಡಿ ಕೂತಿದ್ದಳು. ಅವಳ ಭುಜ ಕುಲುಕುತ್ತಿತ್ತು.

“ನಗ್ತಿ ಅಲ್ಲ? ನಗು,” ಅಂದಳು ದೊಡ್ಡಾಯಿ. ಆಮೇಲೆ ಅವಳ ಬಾಯಿಯೂ ಸೊಟ್ಟಗಾಯಿತು. “ನಮ್ಮತ್ತಿ ಎಂಥಾ ಹೆಂಗಸ ನೋಡು. ಹಳ್ಳದ ಕಲ್ಲು ಹೊರಿಸಿ, ಬೆಳ್ಳಿ ಅದ ಅಂತ ನನ್ನ ಕಡಿಂದ ಕಾಲು ಒತ್ತಿಸ್ಕೊಂಡಳು!” ಇಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಕ್ಕರು. ಹೊರಗಿನಿಂದ ಸೊಸೆಯಂದಿರು ಏನಾಯಿತೆಂದು ಬಾಗಿಲು ಬಡಿಯತೊಡಗಿದರು. ಯಾರಿಗೂ ಹೇಳಬಾರದೆಂದ ಕೆಲಸ ಹೀಗೆ ಮನೆಗೆಲ್ಲ ತಿಳಿಯಿತು. ಎರಡನೆಯ ಕಾಲಿನದನ್ನು ಎಲ್ಲರ ಮುಂದೆ ಪಡಸಾಲೆಯಲ್ಲೇ ಕೊಯ್ದೆ. ಅದರಲ್ಲೂ ಹರಳೇ.

ಮಧ್ಯಾಹ್ನ ಹೋಳಿಗೆ ಊಟವಾಯಿತು. ನಾವು ಗಾಡಿ ಹೂಡಿದಾಗ ದೊಡ್ಡಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಟು ನಿಂತಳು. ಎಷ್ಟೋ ದಿನದಿಂದ ಅವಳು ಅಂಗಳ ದಾಟಿದ್ದಿಲ್ಲವೆಂದು ಸೊಸೆಯಂದಿರು ತಡೆಯಲು ಬಂದರು. ಅವಳು ಅವರ ಕೈ ಸರಿಸಿ, ಗಾಡಿಯ ಹಿಂಬದಿಯ ಕಟ್ಟಿಗೆ ಹಿಡಿದುಕೊಂಡು, ಊರ ಅಗಸಿ ಬಾಗಿಲ ತನಕ ನಮ್ಮ ಜೊತೆ ನಡೆದೇ ಬಂದಳು. ದಾರಿಯುದ್ದಕ್ಕೂ ಗಾಡಿಯೊಳಗಿನ ಆಯಿಗೂ ಹೊರಗಿನ ದೊಡ್ಡಾಯಿಗೂ ತಮ್ಮ ತವರಿನಲ್ಲಿ ಅವ್ವ ಯಾರಿಗೆ ಹೆಚ್ಚು ತುಪ್ಪ ಬಡಿಸುತ್ತಿದ್ದಳು ಎಂಬ ಹೊಸ ಜಗಳ ಹತ್ತಿತ್ತು. ನಾನು ಎತ್ತುಗಳನ್ನು ಮೆಲ್ಲಗೇ ನಡೆಸಿದೆ.